ಆಕಾಶವಾಣಿಯ ಆದ್ಯ ಪ್ರವರ್ತಕ ಡಾ. ಎಂ. ವಿ. ಗೋಪಾಲಸ್ವಾಮಿ

ವಿದ್ಯೆಯನ್ನು ಗಳಿಸಿದವರು ಅನೇಕರು. ಗಳಿಸಿದ ವಿದ್ಯೆಯನ್ನು ನಾಲ್ಕು ಗೋಡೆಗಳ ಆಚೆಗೆ ಕೊಂಡೊಯ್ದು ಜನರ ಮನೆಬಾಗಿಲಿಗೆ ಮುಟ್ಟಿಸಿದವರು ವಿರಳ. ಪ್ರದೇಶ ಸಮಾಚಾರ, ಕೃಷಿರಂಗ, ವಚನಗಾಯನ, ಕ್ರಿಕೆಟ್ ಪಂದ್ಯದ ವೀಕ್ಷಕ ವಿವರಣೆ ಮೊದಲಾದವನ್ನು ರೇಡಿಯೋದಲ್ಲಿ ಕೇಳುತ್ತ ಬಂದ ಕನ್ನಡಿಗರಿಗೆ, ಈ ಧ್ವನಿಯ ದಾರಿಯನ್ನು ಮೊದಲು ತೆರೆದವರು ಒಬ್ಬ ಅಧ್ಯಾಪಕರೆಂಬ ಸಂಗತಿ ಅಷ್ಟಾಗಿ ತಿಳಿದಿಲ್ಲ. ಅವರೇ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು.

ಗೋಪಾಲಸ್ವಾಮಿಯವರ ಜನನ 1896ರಲ್ಲಿ. ಉನ್ನತ ವ್ಯಾಸಂಗಕ್ಕಾಗಿ ಇಂಗ್ಲೆಂಡಿಗೆ ತೆರಳಿದ ಅವರು ಲಂಡನ್ ವಿಶ್ವವಿದ್ಯಾನಿಲಯದಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ನರ ಶಿಷ್ಯರಾದರು. ಮನುಷ್ಯನ ಬುದ್ಧಿಶಕ್ತಿಯನ್ನು ಗಣಿತದ ನೆರವಿನಿಂದ ಅಳೆಯುವ ವಿಧಾನವನ್ನು ರೂಪಿಸಿ ಜಗತ್ತಿನ ವಿದ್ವಾಂಸರ ಗಮನ ಸೆಳೆದಿದ್ದವರು ಸ್ಪಿಯರ್‌ಮನ್. ಅಂಥ ಗುರುವಿನ ಬಳಿ ಸಂಶೋಧನೆ ನಡೆಸಿ ಡಾಕ್ಟರೇಟ್ ಪದವಿಯನ್ನು ಪಡೆದ ಗೋಪಾಲಸ್ವಾಮಿಯವರು, ದೇಹದ ಚಲನೆಗಳನ್ನು ಕಲಿಯುವುದಕ್ಕೂ ಬುದ್ಧಿಗೂ ಇರುವ ಸಂಬಂಧವನ್ನು ಕುರಿತು ಬ್ರಿಟನ್ನಿನ ಮನಶ್ಶಾಸ್ತ್ರ ಪತ್ರಿಕೆಯಲ್ಲಿ ಪ್ರಬಂಧವನ್ನೂ ಪ್ರಕಟಿಸಿದರು.

1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಆಗ ಉಪಕುಲಪತಿಗಳಾಗಿದ್ದವರು ಮಹಾ ಪಂಡಿತರಾದ ಬ್ರಜೇಂದ್ರನಾಥ ಸೀಲರು. ಕಲ್ಕತ್ತೆಯಲ್ಲಿ ಪ್ರಯೋಗಾತ್ಮಕ ಮನಶ್ಶಾಸ್ತ್ರದ ಅಧ್ಯಯನಕ್ಕೆ ತಳಹದಿ ಹಾಕಿದವರಲ್ಲಿ ಅವರೂ ಒಬ್ಬರು. ಅವರ ಪ್ರೋತ್ಸಾಹದಿಂದ 1924ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರ ವಿಭಾಗ ಪ್ರಾರಂಭವಾಯಿತು. ಅದರ ಹೊಣೆ ಗೋಪಾಲಸ್ವಾಮಿಯವರದಾಯಿತು. ಪಾಶ್ಚಾತ್ಯ ದೇಶಗಳ ಬುದ್ಧಿಪರೀಕ್ಷೆಗಳನ್ನು ಹಾಗೆಯೇ ನಮ್ಮ ಮಕ್ಕಳ ಮುಂದಿಟ್ಟರೆ ಅವುಗಳಿಂದ ಸರಿಯಾದ ಫಲ ದೊರೆಯದು. ಆದುದರಿಂದ ಅವನ್ನು ನಮ್ಮ ದೇಶದ ಭಾಷೆಗೂ ಬಾಳಿಗೂ ಒಗ್ಗುವಂತೆ ಮಾರ್ಪಡಿಸುವ ಕಾರ್ಯದಲ್ಲಿ ಅವರು ತೊಡಗಿದರು. ಪ್ರಯೋಗಶಾಲೆಯನ್ನು ಕಟ್ಟಿ ಬೆಳೆಸಿದರು. ಇಷ್ಟೇ ಆಗಿದ್ದರೂ ವಿದ್ವತ್ ಪ್ರಪಂಚ ಅವರನ್ನು ನೆನೆಯುತ್ತಿತ್ತು.

ಆದರೆ ಅವರ ಕುತೂಹಲ ತರಗತಿಯ ಎಲ್ಲೆಯನ್ನು ಮೀರಿತ್ತು. ಆ ಕಾಲದ ಸ್ಥಿತಿಯನ್ನು ಇಲ್ಲಿ ನೆನಪಿಗೆ ತಂದುಕೊಳ್ಳಬೇಕು. 1924ರಲ್ಲಿ ಮದರಾಸಿನ ರೇಡಿಯೋ ಕ್ಲಬ್ಬಿನವರು ಪ್ರಸಾರವನ್ನು ಆರಂಭಿಸಿ, ಹಣವಿಲ್ಲದೆ ಮೂರು ವರ್ಷಗಳಲ್ಲಿ ಕೈಬಿಟ್ಟಿದ್ದರು. 1927ರಲ್ಲಿ ಮುಂಬಯಿ ಮತ್ತು ಕಲ್ಕತ್ತೆಗಳಲ್ಲಿ ನಿಲಯಗಳನ್ನು ತೆರೆದ ಖಾಸಗಿ ಕಂಪನಿಯೂ 1930ರಲ್ಲಿ ಮುಚ್ಚಿಹೋಗಿ, ಸರ್ಕಾರವೇ ಆ ನಿಲಯಗಳನ್ನು ವಹಿಸಿಕೊಳ್ಳಬೇಕಾಯಿತು. ಮೂವತ್ತೈದು ಕೋಟಿ ಜನರ ದೇಶದಲ್ಲಿ ಅಂದು ರೇಡಿಯೋ ಪರವಾನಗಿ ಪಡೆದಿದ್ದವರು ಸುಮಾರು ಎಂಟು ಸಾವಿರ ಮಂದಿ ಮಾತ್ರ. 1934ರಲ್ಲಿ ಮುಂಬಯಿಯ ಮೈದಾನದಿಂದ ಬಾಬಿ ತಲ್ಯಾರ್‌ಖಾನರು ಕ್ರಿಕೆಟ್ ಪಂದ್ಯವನ್ನು ಬಣ್ಣಿಸಿ ಭಾರತದಲ್ಲಿ ಕ್ರೀಡಾ ವಿವರಣೆಗೆ ನಾಂದಿ ಹಾಡಿದ್ದರಾದರೂ ಆ ವಿವರಣೆ ಇಂಗ್ಲಿಷಿನಲ್ಲಿತ್ತು; ಕೇಳುವ ಅನುಕೂಲವಿದ್ದವರು ನಗರದ ಉಳ್ಳವರಷ್ಟೇ. ಕನ್ನಡಕ್ಕೆ ತನ್ನದೆಂಬ ಒಂದು ನಿಲಯವೂ ಇರಲಿಲ್ಲ.

ಇಂಥ ಸಮಯದಲ್ಲಿ ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಾದ ವಿಠ್ಠಲ ವಿಹಾರದಲ್ಲಿ 30 ವಾಟ್ ಶಕ್ತಿಯ ಒಂದು ಪುಟ್ಟ ಪ್ರೇಷಕ ಯಂತ್ರವನ್ನು ಸ್ಥಾಪಿಸಿದರು. 1935ನೆಯ ಇಸವಿ ಸೆಪ್ಟೆಂಬರ್ 10ರಂದು ಆ ಮನೆಯಿಂದ ಪ್ರಸಾರ ಮೊದಲಾಯಿತು. ಅಂದು ಕುವೆಂಪು ಅವರ ಕವಿತಾವಾಚನ ಅಲೆಗಳನ್ನೇರಿ ಹೊರಟಿತು. 30 ವಾಟ್ ಎಂದರೆ ಒಂದು ಸಣ್ಣ ವಿದ್ಯುದ್ದೀಪ ಬಳಸುವಷ್ಟು ಶಕ್ತಿ. ಮರುವರ್ಷದ ಆರಂಭದಲ್ಲಿ ಸರ್ಕಾರ ದೆಹಲಿಯಲ್ಲಿ ತೆರೆದ ನಿಲಯದ ಶಕ್ತಿ 20,000 ವಾಟ್. ಈ ಅಂತರವನ್ನು ನೋಡಿದರೆ ಪ್ರಾಧ್ಯಾಪಕರ ಸಾಹಸ ಎಂಥದೆಂಬುದು ಮನದಟ್ಟಾಗುತ್ತದೆ. ಕಂಪನಿಗಳೇ ನಷ್ಟಹೊಂದಿ ಹಿಂದೆಗೆದ ಕಾರ್ಯಕ್ಕೆ ಸಂಬಳವೇ ಆಧಾರವಾಗಿದ್ದ ಒಬ್ಬ ಅಧ್ಯಾಪಕರು ಕೈಹಾಕಿದ್ದರು.

ಈ ಪುಟ್ಟ ನಿಲಯಕ್ಕೆ ದೊರೆತ ಹೆಸರು ಆಕಾಶವಾಣಿ. ಇದನ್ನು ಸೂಚಿಸಿದವರು ಅದೇ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ, ಕನ್ನಡದ ಹಾಸ್ಯಸಾಹಿತಿ ನಾ. ಕಸ್ತೂರಿಯವರೆಂದು ಪ್ರತೀತಿ. ಕೇರಳದಲ್ಲಿ ಹುಟ್ಟಿ ಕನ್ನಡವನ್ನು ಕಲಿತು ಕನ್ನಡಿಗರೇ ಆಗಿಹೋದ ಕಸ್ತೂರಿಯವರು ಮುಂದೆ ನಿಲಯದ ಆಡಳಿತದಲ್ಲೂ ಹೆಗಲು ಕೊಟ್ಟರು. ಪುರಾಣಗಳಲ್ಲಿ ಅಶರೀರವಾಣಿಗೆ ಸಲ್ಲುತ್ತಿದ್ದ ಪದವೊಂದು ಹೀಗೆ ವಿಜ್ಞಾನದ ಹೊಸ ಸಾಧನಕ್ಕೆ ಸಹಜವಾಗಿ ಹೊಂದಿಕೊಂಡಿತು.

ಪ್ರಸಾರವೆಂಬುದು ಒಂದು ದಿನದ ಉತ್ಸವವಲ್ಲ. ಅದು ನಿತ್ಯದ ದುಡಿಮೆ. ಭಾಷಣಕಾರರನ್ನು ಒಪ್ಪಿಸಬೇಕು, ಗಾಯಕರನ್ನು ಕರೆತರಬೇಕು, ಕೆಟ್ಟ ಯಂತ್ರವನ್ನು ಸರಿಪಡಿಸಬೇಕು, ನಾಳೆಯ ಕಾರ್ಯಕ್ರಮವನ್ನು ಇಂದೇ ಅಣಿಗೊಳಿಸಬೇಕು. ಕಾಲೇಜಿನ ಕರ್ತವ್ಯಕ್ಕೆ ಚ್ಯುತಿ ಬಾರದಂತೆ ಗೋಪಾಲಸ್ವಾಮಿಯವರು ಈ ಹೊರೆಯನ್ನು ಆರು ವರ್ಷಗಳಿಗೂ ಮಿಕ್ಕಿ ಹೊತ್ತರು. ತಮ್ಮ ಹಣವನ್ನು ತೊಡಗಿಸಿದರು. ಸಾರ್ವಜನಿಕರ ನೆರವನ್ನೂ ಪಡೆದರು. ಮುಂದೆ 250 ವಾಟ್ ಶಕ್ತಿಯ ಯಂತ್ರವನ್ನು ತರಿಸಿದರು. 1931ರ ಜನಗಣತಿಯಂತೆ ಭಾರತದಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಹತ್ತು ಮಂದಿಯೂ ಇರಲಿಲ್ಲ. ಓದಲಾರದವನಿಗೂ ಕೇಳಲು ಕಿವಿಯುಂಟು. ಮನಸ್ಸಿನ ಶಾಸ್ತ್ರವನ್ನು ಬೋಧಿಸುತ್ತಿದ್ದವರು ಮಾತಿನ ಮಾಧ್ಯಮವನ್ನು ಕೈಗೆತ್ತಿಕೊಂಡದ್ದರ ಔಚಿತ್ಯ ಇಲ್ಲಿದೆ.

ಆದರೆ ವ್ಯಕ್ತಿಯೊಬ್ಬನ ತ್ಯಾಗದ ಮೇಲೆಯೇ ಸಂಸ್ಥೆಯೊಂದು ಬಹುಕಾಲ ನಿಲ್ಲಲಾರದು. 1942ರ ಆರಂಭದಲ್ಲಿ ನಿಲಯವು ಮೈಸೂರು ಸಂಸ್ಥಾನದ ಸರ್ಕಾರದ ವಶಕ್ಕೆ ಬಂದಿತು. ಸ್ವಾತಂತ್ರ್ಯ ಬಂದಾಗ ಹೈದರಾಬಾದು, ಔರಂಗಾಬಾದು, ಬರೋಡ, ತಿರುವನಂತಪುರಗಳ ಜೊತೆಗೆ ಮೈಸೂರು ಕೂಡ ಸಂಸ್ಥಾನಗಳ ನಿಲಯಗಳಲ್ಲಿ ಒಂದಾಗಿತ್ತು. 1950ರಲ್ಲಿ ಅದು ಕೇಂದ್ರ ಸರ್ಕಾರದ ಆಲ್ ಇಂಡಿಯಾ ರೇಡಿಯೋದಲ್ಲಿ ಸೇರಿತು. ಅದೇ ವರ್ಷ ಜನವರಿಯಲ್ಲಿ ಧಾರವಾಡದ ನಿಲಯವೂ ಪ್ರಾರಂಭವಾಗಿ, ಮಲ್ಲಿಕಾರ್ಜುನ ಮನಸೂರರಂಥ ಮಹಾಗಾಯಕರ ಕಂಠದಿಂದ ಶರಣರ ವಚನಗಳು ಮನೆಮನೆಯನ್ನು ಸೇರುವಂತಾಯಿತು.

1955ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ನಿಲಯ ಆರಂಭವಾದಾಗ ಮೈಸೂರಿನ ನಿಲಯ ಅಲ್ಲಿಗೆ ಸ್ಥಳಾಂತರಗೊಂಡಿತು. ಇಡೀ ರಾಜ್ಯಕ್ಕೆ ಕೇಳಿಸುವ ಪ್ರಬಲ ನಿಲಯವೊಂದು ರಾಜಧಾನಿಯಲ್ಲಿ ಬೇಕಾಗಿದ್ದುದು ನಿಜ. ಆದರೂ ಆಕಾಶವಾಣಿ ಎಂಬ ಹೆಸರಿಗೆ ಜನ್ಮವಿತ್ತ ಊರು ಮೌನವಾಯಿತು. ತಾವು ಮನೆಯಲ್ಲಿ ಹಚ್ಚಿದ ದೀಪ ಬೇರೆಡೆ ದೊಡ್ಡದಾಗಿ ಬೆಳಗಿದ್ದನ್ನೂ, ಹಚ್ಚಿದ ಸ್ಥಳ ಕತ್ತಲಾದುದನ್ನೂ ಗೋಪಾಲಸ್ವಾಮಿಯವರು ಜೀವಿತಕಾಲದಲ್ಲೇ ಕಂಡರು. 1956ರಲ್ಲಿ ಕನ್ನಡ ನಾಡು ಒಂದಾಯಿತು. 1957ರಲ್ಲಿ ಅವರು ಕಾಲವಶರಾದರು. ಮೈಸೂರಿನಲ್ಲಿ ಮತ್ತೆ ನಿಲಯ ಆರಂಭವಾದದ್ದು 1974ರ ನವೆಂಬರಿನಲ್ಲಿ. ವಿಠ್ಠಲ ವಿಹಾರಕ್ಕೆ ಅದು ಕೂಗಳತೆಯ ದೂರದಲ್ಲಿಯೇ ಇದೆ.

1950ರ ದಶಕದ ಉತ್ತರಾರ್ಧದಲ್ಲಿ ಆಕಾಶವಾಣಿ ಎಂಬ ಹೆಸರು ರಾಷ್ಟ್ರದ ಪ್ರಸಾರ ಸಂಸ್ಥೆಗೆ ಸಂದಿತು. 2023ರಲ್ಲಿ ಆಲ್ ಇಂಡಿಯಾ ರೇಡಿಯೋ ಎಂಬ ಹೆಸರನ್ನು ಕೈಬಿಟ್ಟು ಇದೊಂದನ್ನೇ ಬಳಸಬೇಕೆಂದು ನಿರ್ಧಾರವಾಯಿತು. ಭದ್ರಾವತಿಯ ನಿಲಯದಿಂದ, ತರುವಾಯ ಚಿತ್ರದುರ್ಗದ ನಿಲಯದಿಂದ ಹೊಸದುರ್ಗದ ಸೀಮೆಗೂ ಈ ವಾಣಿ ಹತ್ತಿರವಾಯಿತು. ಮಳೆಯನ್ನು ನೆಚ್ಚಿ ಬಾಳುವ ಈ ಭಾಗದ ರೈತನಿಗೆ ಹವಾಮಾನದ ವರದಿ, ತೆಂಗಿನ ತೋಟದ ಕೆಲಸದ ನಡುವೆ ಪಂದ್ಯದ ವಿವರಣೆ, ಶಾಲೆಯ ಮಕ್ಕಳಿಗೆ ಪಾಠ, ಇವೆಲ್ಲ ದೊರೆತ ಹಾದಿಯ ಮೊದಲ ಹೆಜ್ಜೆ 30 ವಾಟಿನದಾಗಿತ್ತು.

ವಿದ್ಯಾರ್ಥಿಗಳು ಈ ಬದುಕಿನಿಂದ ಗ್ರಹಿಸಬೇಕಾದುದು ಇದನ್ನೇ. ಸಾಧನ ದೊಡ್ಡದಾಗಲಿ ಎಂದು ಕಾಯುತ್ತ ಕುಳಿತಿದ್ದರೆ ಗೋಪಾಲಸ್ವಾಮಿಯವರು ಏನನ್ನೂ ಮಾಡುತ್ತಿರಲಿಲ್ಲ. ಇದ್ದಷ್ಟರಿಂದಲೇ ಅವರು ತೊಡಗಿದರು. ಬೆಳೆದ ಮೇಲೆ ಅದನ್ನು ನಾಡಿಗೆ ಒಪ್ಪಿಸಿದರು. ಕಾಯಕದ ಫಲವನ್ನು ಸಮಾಜಕ್ಕೆ ಬಿಟ್ಟುಕೊಟ್ಟ ಅಂಥ ಅಧ್ಯಾಪಕರ ಸ್ಮರಣೆ ಎಲ್ಲ ವಿದ್ಯಾಸಂಸ್ಥೆಗಳಿಗೂ ಶೋಭೆ ತರುವಂಥದು.