ಕೆರೆಯ ಗೋಡು ಹೊತ್ತ ವಿದ್ಯಾರ್ಥಿಗಳು

ಅಮೆರಿಕದಲ್ಲಿರುವ ಎಳೆಯ ಗೆಳೆಯರೆ, ನಿಮ್ಮ ಮನೆಯ ಹಳೆಯ ಪೆಟ್ಟಿಗೆಯೊಂದರಲ್ಲಿ, ತಂದೆಯದೋ ತಾಯಿಯದೋ ಕಾಲೇಜಿನ ಪ್ರಮಾಣಪತ್ರಗಳ ನಡುವೆ, ಚಕ್ರದ ಚಿತ್ರವುಳ್ಳ ಸಣ್ಣದೊಂದು ಬಿಲ್ಲೆ ಎಂದಾದರೂ ಕೈಗೆ ಸಿಕ್ಕಿದರೆ, ಅದು ಯಾವುದರ ಗುರುತೆಂದು ಕೇಳದೆ ಬಿಡಬೇಡಿರಿ. ಕೋಣಾರ್ಕದ ಸೂರ್ಯದೇವಾಲಯವನ್ನೇ ರಥವೆಂದು ಭಾವಿಸಿ 13ನೆಯ ಶತಮಾನದ ಶಿಲ್ಪಿಗಳು ಕಡೆದ ಚಕ್ರಗಳಿಂದ ತೆಗೆದುಕೊಂಡ ರೂಪವದು. ರಾಷ್ಟ್ರೀಯ ಸೇವಾ ಯೋಜನೆ ಎಂಬ, ವಿದ್ಯಾರ್ಥಿಗಳ ಬಾಯಲ್ಲಿ ಎನ್.ಎಸ್.ಎಸ್. ಎಂದೇ ರೂಢವಾದ ಸೇವಾಪದ್ಧತಿಯ ಲಾಂಛನ. ‘ನನಗಲ್ಲ, ನಿನಗೆ’ ಎಂಬುದು ಅದರ ಧ್ಯೇಯವಾಕ್ಯ.

ಈ ಯೋಜನೆ ಒಂದು ದಿನದಲ್ಲಿ ಹುಟ್ಟಿದುದಲ್ಲ. ಸ್ವಾತಂತ್ರ್ಯ ಬಂದ ಹೊಸತರಲ್ಲಿಯೇ ಡಾ. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗವು ವಿದ್ಯಾರ್ಥಿಗಳು ಸ್ವಂತ ಇಚ್ಛೆಯಿಂದ ರಾಷ್ಟ್ರಸೇವೆ ಮಾಡುವಂತಾಗಬೇಕೆಂದು ಸೂಚಿಸಿತ್ತು. ಮುಂದೆ ಸಮಿತಿಗಳೂ ಸಮ್ಮೇಳನಗಳೂ ಸುಮಾರು ಇಪ್ಪತ್ತು ವರ್ಷ ಇದನ್ನೇ ಚರ್ಚಿಸಿದುವು. ಕೊನೆಗೆ ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು, ಕೇಂದ್ರದ ಶಿಕ್ಷಣಸಚಿವರಾಗಿದ್ದ ಡಾ. ವಿ.ಕೆ.ಆರ್.ವಿ. ರಾವ್ ಅವರು 37 ವಿಶ್ವವಿದ್ಯಾನಿಲಯಗಳಲ್ಲಿ 40,000 ವಿದ್ಯಾರ್ಥಿಗಳೊಡನೆ ಇದನ್ನು ಆರಂಭಿಸಿದರು.

ರಾವ್ ಅವರ ಹೆಸರನ್ನು ನೀವು ನೆನಪಿನಲ್ಲಿಡಬೇಕೆಂದು ನನ್ನ ಆಸೆ. 1908ರಲ್ಲಿ ಕಾಂಚೀಪುರದಲ್ಲಿ ಹುಟ್ಟಿ, ಕೇಂಬ್ರಿಜ್ಜಿನಲ್ಲಿ ಅರ್ಥಶಾಸ್ತ್ರವನ್ನು ಓದಿ, ದೆಹಲಿಯಲ್ಲಿ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸನ್ನು ಸ್ಥಾಪಿಸಿ, ನಮ್ಮ ಬಳ್ಳಾರಿಯ ಜನರಿಂದ ಲೋಕಸಭೆಗೆ ಆಯ್ಕೆಯಾಗಿ, 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯನ್ನು ಕಟ್ಟಿದ ಈ ಮಹನೀಯರು, ತಾರುಣ್ಯದಲ್ಲಿ ಕೈಗೊಂಡ ವ್ರತ ಯಾವುದೆಂದರೆ ಭಾರತದ ರಾಷ್ಟ್ರೀಯ ವರಮಾನವನ್ನು ಲೆಕ್ಕಹಾಕುವುದು. ಲೆಕ್ಕಪತ್ರವೇ ಇಲ್ಲದ ಲಕ್ಷಾಂತರ ಹಳ್ಳಿಯ ಮನೆಗಳ ಸಂಪಾದನೆಯನ್ನು ಅಂಕೆಗಳಲ್ಲಿ ಹಿಡಿಯಹೊರಟವರಿಗೆ, ಆ ಮನೆಗಳ ಹೊಸ್ತಿಲನ್ನು ಮುಂದಿನ ತಲೆಮಾರಿನ ವಿದ್ಯಾವಂತರು ತಾವೇ ತುಳಿದು ಬರಬೇಕೆಂದು ತೋರಿದುದು ಸಹಜವೆಂದೇ ನಾನು ಭಾವಿಸುತ್ತೇನೆ.

ಕ್ರಮ ಸರಳವಾದುದು. ವಿದ್ಯಾರ್ಥಿಯು ಓದನ್ನು ಬಿಡದೆ ವರ್ಷಕ್ಕೆ 120 ಗಂಟೆಗಳಂತೆ ಎರಡು ವರ್ಷ ಸೇವೆ ಸಲ್ಲಿಸಬೇಕು. ಜೊತೆಗೆ, ಕಾಲೇಜು ದತ್ತು ತೆಗೆದುಕೊಂಡ ಹಳ್ಳಿಯಲ್ಲಿ ಒಂದು ವಿಶೇಷ ಶಿಬಿರ. ನೀವಿರುವ ಅಮೆರಿಕದಲ್ಲಿಯೂ ಬಡತನದ ನಿವಾರಣೆಗೆಂದು 1964ರ ಕಾಯಿದೆಯಿಂದ ರೂಪುಗೊಂಡ ವಿಸ್ಟಾ ಎಂಬ ಸ್ವಯಂಸೇವಕರ ಪಡೆಯುಂಟು. ಅಲ್ಲಿ ಸೇರಿದವರು ಒಂದು ವರ್ಷವನ್ನು ಪೂರ್ತಿಯಾಗಿ ಆ ಕೆಲಸಕ್ಕೇ ಮುಡಿಪಿಡುತ್ತಾರೆ.

ನಾನು ಎನ್.ಎಸ್.ಎಸ್. ಸೇರಿದ್ದ ವಿದ್ಯಾರ್ಥಿದೆಸೆಯಲ್ಲಿ ನಮ್ಮ ಶಿಬಿರ ನಡೆದುದು ಚಿತ್ರದುರ್ಗದ ಸೀಮೆಯ ಒಂದು ಸಣ್ಣ ಊರಿನಲ್ಲಿ. ಶಾಲೆಯ ಎರಡು ಕೊಠಡಿಗಳಲ್ಲಿ ಜಮಖಾನ ಹಾಸಿ ಮಲಗುತ್ತಿದ್ದ ನಾವು, ನಸುಕಿಗೆ ಎದ್ದು, ಗುದ್ದಲಿ, ಪಿಕಾಸಿ, ಮಂಕರಿಗಳನ್ನು ಹೊತ್ತು ಬತ್ತಿದ ಕೆರೆಯಂಗಳಕ್ಕೆ ಇಳಿದು, ಬಿಸಿಲೇರುವವರೆಗೆ ಹೂಳೆತ್ತುತ್ತಿದ್ದೆವು. ಹೂಳೆಂದರೆ ಕಸವೆಂದು ತಿಳಿದಿದ್ದ ಪೇಟೆಯ ಹುಡುಗರಿಗೆ, ಆ ಕಪ್ಪು ಗೋಡುಮಣ್ಣಿಗಾಗಿ ರೈತರು ಗಾಡಿ ಹೂಡಿ ಸರದಿಯಲ್ಲಿ ಕಾದು ನಿಂತುದನ್ನು ಕಂಡಾಗ ಆದ ವಿಸ್ಮಯವನ್ನು ಹೇಳಲಾರೆ. ಮಳೆಯು ಹೊಲಗಳಿಂದ ತೊಳೆದೊಯ್ದ ಸಾರವೆಲ್ಲ ಕೆರೆಯ ತಳದಲ್ಲಿ ಸಂಚಯವಾಗಿರುತ್ತದೆ. ಅದನ್ನು ಎತ್ತಿದರೆ ಕೆರೆಗೆ ನೀರು ಹಿಡಿಯುವ ಶಕ್ತಿ ಮರಳುತ್ತದೆ, ಹೊಲಕ್ಕೆ ಹಾಕಿದರೆ ರಾಗಿಗೆ ಗೊಬ್ಬರವಾಗುತ್ತದೆ. ಊರಿನ ಹಿರಿಯರೊಬ್ಬರು ಇದನ್ನು ಮುಯ್ಯಾಳಿನ ಕೆಲಸಕ್ಕೆ ಹೋಲಿಸಿದರು. ಮುಯ್ಯಾಳೆಂದರೆ, ಇಂದು ನಿನ್ನ ಹೊಲದಲ್ಲಿ ನಾನು, ನಾಳೆ ನನ್ನ ಹೊಲದಲ್ಲಿ ನೀನು ಎಂದು ಕೂಲಿಯಿಲ್ಲದೆ ದುಡಿಯುವ ನಮ್ಮ ಹಳ್ಳಿಗಳ ಹಳೆಯ ಪದ್ಧತಿ. ನಾವು ತೀರಿಸಬೇಕಾದ ಮುಯ್ಯಿ ಯಾವುದೆಂದು ಅಂದು ನಾನು ಕೇಳಲಿಲ್ಲ.

ಮಧ್ಯಾಹ್ನ ಮನೆಮನೆಯ ಸಮೀಕ್ಷೆ. ಅಚ್ಚುಹಾಕಿದ ಪಟ್ಟಿಯನ್ನು ಹಿಡಿದು ಒಂದು ಜಗುಲಿಯ ಮೇಲೆ ಕುಳಿತು, “ಅಜ್ಜಿ, ನಿಮ್ಮ ಮನೆಯ ವರ್ಷದ ವರಮಾನ ಎಷ್ಟು?” ಎಂದು ಕೇಳಿದೆ. ಆಕೆ ಹುಣಿಸೆಹಣ್ಣಿನ ಬೀಜ ಬಿಡಿಸುತ್ತಿದ್ದ ಕೈಯನ್ನು ನಿಲ್ಲಿಸದೆ, “ಮಳೆ ಬಂದ ವರ್ಷದ್ದು ಹೇಳ್ಲಾ ಮಗಾ, ಬರಗಾಲದ್ದು ಹೇಳ್ಲಾ?” ಎಂದರು. ನನ್ನ ಪಟ್ಟಿಯಲ್ಲಿ ಅಂಕಣವಿದ್ದುದು ಒಂದೇ. ತರಗತಿಯಲ್ಲಿ ಸರಾಸರಿಯೆಂಬ ಶಬ್ದವನ್ನು ಎಷ್ಟೋ ಸಲ ಬರೆದಿದ್ದ ನಾನು, ಅದರೊಳಗೆ ಉಪವಾಸದ ವರ್ಷವೊಂದು ಅಡಗಿರಬಹುದೆಂಬುದನ್ನು ಅಂದು ಆ ಜಗುಲಿಯ ಮೇಲೆ ಕಲಿತೆನು.

ಎಲ್ಲ ಶಿಬಿರಗಳೂ ಸಾರ್ಥಕವಾದುವೆಂದು ನಾನು ಹೇಳಲಾರೆ. ಅತಿಥಿಗಳ ಭಾಷಣಕ್ಕೇ ದಿನಗಳನ್ನು ಕಳೆದ ಶಿಬಿರಗಳೂ, ಒಂದು ಮಳೆಗೆ ಕೊಚ್ಚಿಹೋದ ರಸ್ತೆಗಳೂ ಉಂಟು. ಏಳೆಂಟು ದಿನಗಳ ಶ್ರಮದಾನದಿಂದ ಒಂದು ಊರಿನ ಬಡತನ ನೀಗುವುದೂ ಇಲ್ಲ. ಆದರೆ ಮುಂದೆ ಬ್ಯಾಂಕಿನಲ್ಲಿ ಸಾಲದ ಅರ್ಜಿಯನ್ನು ನೋಡುವವರೂ, ಆಸ್ಪತ್ರೆಯಲ್ಲಿ ರೋಗಿಯ ಎದುರು ಕೂರುವವರೂ, ಕಚೇರಿಯಲ್ಲಿ ಕಡತಕ್ಕೆ ಸಹಿ ಹಾಕುವವರೂ ಒಮ್ಮೆಯಾದರೂ ಮಂಕರಿ ಹೊತ್ತವರಾಗಿದ್ದರೆ, ಅರ್ಜಿಯ ಹಿಂದಿರುವ ಮನುಷ್ಯನು ಅವರಿಗೆ ಕಾಣುತ್ತಾನೆ. ಈ ಯೋಜನೆಯ ನಿಜವಾದ ಫಲವು ಇದೇ ಎಂಬುದು ನನ್ನ ದೃಢವಾದ ನಂಬಿಕೆ.

ಮುಂದಿನ ರಜೆಯಲ್ಲಿ ನೀವು ಊರಿಗೆ ಹೋದಾಗ, ನಿಮ್ಮ ತಂದೆತಾಯಿಗಳನ್ನೋ ಚಿಕ್ಕಪ್ಪ ಅತ್ತೆಯರನ್ನೋ, ಅವರ ಎನ್.ಎಸ್.ಎಸ್. ಶಿಬಿರ ನಡೆದುದು ಯಾವ ಹಳ್ಳಿಯಲ್ಲಿ ಎಂದು ಕೇಳಿರಿ. ಆ ಹಳ್ಳಿ ದೂರವಿಲ್ಲದಿದ್ದರೆ, ನಿಮ್ಮನ್ನು ಅಲ್ಲಿಗೆ ಕರೆದೊಯ್ಯಬೇಕೆಂದು ಹಟ ಹಿಡಿಯಿರಿ.