ರಾಗಿ ಲಕ್ಷ್ಮಣಯ್ಯ: ಇಂಡಾಫ್ ರಾಗಿಗೆ ಹೊರಗಿನ ಜೀನ್ ಸೇರಿಸಲಾಗಿದೆಯೇ?

ಇಂಡಾಫ್ ರಾಗಿ ಪ್ರಯೋಗಾಲಯದಲ್ಲಿ ಜೀನ್ ಬದಲಿಸಿ ಮಾಡಿದ್ದು, ತಿನ್ನಬಾರದು ಎಂಬ ಸಂದೇಶ ನಿಮ್ಮ ಗುಂಪಿಗೆ ಬಂದರೆ, ಮುಂದಕ್ಕೆ ಕಳುಹಿಸುವ ಮೊದಲು ಒಬ್ಬರ ಬದುಕನ್ನು ತಿಳಿದುಕೊಳ್ಳೋಣ.

ಅವರು ಸಿ.ಎಚ್. ಲಕ್ಷ್ಮಣಯ್ಯ. ಮೈಸೂರು ಸೀಮೆಯಲ್ಲಿ 1921ರಲ್ಲಿ ಹುಟ್ಟಿದ ಅವರು ಬದುಕಿನ ಬಹುಪಾಲನ್ನು ಮಂಡ್ಯದ ವಿ.ಸಿ. ಫಾರ್ಮ್‌ನಲ್ಲಿ ರಾಗಿಯ ನಡುವೆಯೇ ಕಳೆದರು. ರಾಗಿಯ ಹೂವು ಬಹಳ ಚಿಕ್ಕದು, ತನ್ನ ಪರಾಗದಿಂದಲೇ ಕಾಳು ಕಟ್ಟುತ್ತದೆ. ಹಾಗಾಗಿ ಎರಡು ತಳಿಗಳನ್ನು ಕೂಡಿಸುವುದು ಕಷ್ಟ. ಆ ಕಷ್ಟದ ಕೆಲಸವನ್ನೇ ಅವರು ಹಿಡಿದರು. ಮೊದಲು ಪೂರ್ಣ, ಅನ್ನಪೂರ್ಣ, ಕಾವೇರಿಯಂಥ ತಳಿಗಳು ಬಂದವು. ನಂತರ ನಮ್ಮ ರಾಗಿಯನ್ನು ಆಫ್ರಿಕಾದ ರಾಗಿಯೊಂದಿಗೆ ಸಂಕರ ಮಾಡಿದರು. ಇಂಡಿಯಾ, ಆಫ್ರಿಕಾ ಸೇರಿ ಇಂಡಾಫ್ ಆಯಿತು. ಇಳುವರಿ ಹೆಚ್ಚಿತು. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. 1993ರಲ್ಲಿ ಅವರು ತೀರಿಕೊಂಡರು.

ಇದು ಕುಲಾಂತರಿ ಅಲ್ಲ. ರಾಗಿಗೆ ರಾಗಿಯನ್ನೇ ಕೂಡಿಸಿದ್ದು. ರೈತರು ಬೀಜ ಉಳಿಸಿಕೊಂಡು ಮತ್ತೆ ಬಿತ್ತಬಹುದು.

ಹಾಗಾದರೆ ಜೀನ್ ಮಾತು ಎಲ್ಲಿಂದ ಬಂತು? ಬೆಂಕಿ ರೋಗದ ಶಿಲೀಂಧ್ರ ತಗುಲಿದಾಗ ಗಿಡದೊಳಗೆ ಮೊದಲೇ ಇರುವ ಕೆಲವು ಜೀನ್‌ಗಳು ಎಚ್ಚರಗೊಳ್ಳುತ್ತವೆ. ಅವು ಕೈಟಿನೇಸ್, ಗ್ಲೂಕನೇಸ್ ಎಂಬ ಪ್ರೋಟೀನ್‌ಗಳನ್ನು ಮಾಡಿಸುತ್ತವೆ. ಈ ಪ್ರೋಟೀನ್‌ಗಳು ಶಿಲೀಂಧ್ರದ ಗೋಡೆಯನ್ನು ಕತ್ತರಿಸುತ್ತವೆ. ಭತ್ತ, ಗೋಧಿ, ಜೋಳದಲ್ಲೂ ಹೀಗೆಯೇ. ಸಾಮಾನ್ಯವಾಗಿ ರೋಗ ತಡೆಯುವ ತಳಿಯಲ್ಲಿ ಈ ಎಚ್ಚರ ಬೇಗ ಬರುತ್ತದೆ, ರೋಗಕ್ಕೆ ಸೋಲುವ ತಳಿಯಲ್ಲಿ ತಡವಾಗುತ್ತದೆ. ಎಲ್ಲ ಇಂಡಾಫ್ ತಳಿಗಳೂ ಬೆಂಕಿ ರೋಗವನ್ನು ತಡೆಯುವುದಿಲ್ಲ. ಆದರೆ ಅದನ್ನು ಚೆನ್ನಾಗಿ ತಡೆಯುವ ಜಿಪಿಯು-28 ತಳಿಯ ವಂಶದಲ್ಲಿ ಇಂಡಾಫ್-5 ಇದೆ.

ಸೇಡಂ, ಚಿಂಚೋಳಿ, ಕೊಡ್ಲಿ ಕಡೆಯ ಓದುಗರಿಗೆ ಇದರ ಜೋಳದ ಪಾಠ ಮುಖ್ಯ. ಮುಂಗಾರಿ ಜೋಳ ಮಾಗುವಾಗ ಮಳೆ ಹಿಡಿದರೆ ಕಾಳಿಗೆ ಬೂಷ್ಟು ಬರುತ್ತದೆ. 1995ರಲ್ಲಿ ದಖ್ಖನ್ ಪ್ರಸ್ಥಭೂಮಿಯ ಕೆಲವು ಹಳ್ಳಿಗಳಲ್ಲಿ ಮಳೆಗೆ ಸಿಕ್ಕು ಬೂಷ್ಟು ಹಿಡಿದ ಜೋಳ, ಮೆಕ್ಕೆಜೋಳ ತಿಂದ ಜನ ಹೊಟ್ಟೆನೋವು, ಭೇದಿಯಿಂದ ನರಳಿದರು. ಕಾರಣ, ಬೂಷ್ಟು ಬಿಟ್ಟ ವಿಷ. ರೊಟ್ಟಿ ಬೇಯಿಸಿದರೂ ಅದು ಪೂರ್ತಿ ಹೋಗುವುದಿಲ್ಲ.

ನಮ್ಮ ತೀರ್ಮಾನ: ಇಂಡಾಫ್‌ಗೆ ಹೊರಗಿನ ಜೀನ್ ಸೇರಿಸಿದ್ದಾರೆ ಎಂಬುದು ಸುಳ್ಳು. ಹೆದರಬೇಕಾದ್ದು ಸಂಕರ ತಳಿಗಲ್ಲ, ಬೂಷ್ಟಿಗೆ. ಕಾಳು ಚೆನ್ನಾಗಿ ಒಣಗಿಸಿ ಇಡಿ, ಬಣ್ಣಗೆಟ್ಟದ್ದನ್ನು ತಿನ್ನಬೇಡಿ. ಕಳುಹಿಸುವುದಿದ್ದರೆ ಈ ಮಾತನ್ನು ಕಳುಹಿಸಿ.