ಕುಮಾರಿ ಲಿಂಡಾ ರಿಚರ್ಡ್ಸ್

ನಮ್ಮ ಪಾಠಶಾಲೆಯಲ್ಲಿ ಓದಿ ಹೊರಟ ಹುಡುಗಿಯರಲ್ಲಿ ಕೆಲವರು ದಾದಿಯರ ವಿದ್ಯೆಯನ್ನು ಕಲಿಯಲು ಹೋಗುವುದುಂಟು. ಅಲ್ಲಿ ಮೊದಲನೆಯ ವರ್ಷದಲ್ಲಿಯೇ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಜೀವರಸಾಯನಶಾಸ್ತ್ರ ಎಂಬ ಮೂರು ಕಠಿನವಾದ ವಿಷಯಗಳು ಅವರಿಗೆ ಎದುರಾಗುತ್ತವೆ. ರೋಗಿಗೆ ಹಾಸಿಗೆ ಹಾಸುವವಳಿಗೆ 206 ಎಲುಬುಗಳ ಹೆಸರು ಯಾತಕ್ಕೆ ಬೇಕೆಂದು, ರಜೆಯಲ್ಲಿ ಕಾಣಬಂದವರು ನಮ್ಮನ್ನು ಕೇಳಿದ್ದಾರೆ. ಇವುಗಳಿಗೆ ಪುಸ್ತಕವೇ ಕೊಡದಿದ್ದ ಕಾಲದಲ್ಲಿ ದಾದಿಯಾದ ಒಬ್ಬ ಸ್ತ್ರೀಯ ಚರಿತ್ರೆಯನ್ನು ಅವರ ಮುಂದೆ ಇಡಲು ಬಯಸುತ್ತೇವೆ.

ಲಿಂಡಾ ರಿಚರ್ಡ್ಸ್ ಅಮೆರಿಕಾ ದೇಶದ ನ್ಯೂಯಾರ್ಕ್ ಸಂಸ್ಥಾನದಲ್ಲಿ ಪಾಟ್ಸ್‌ಡ್ಯಾಮ್ ಎಂಬ ಊರಿನ ಬಳಿ 1841ನೆಯ ಇಸವಿ ಜುಲೈ 27ರಂದು ಹುಟ್ಟಿದಳು. ತಂದೆಯು ಬೋಧಕನಾಗಿದ್ದನು. ಬರ್ಮಾ ದೇಶದಲ್ಲಿ ಮಿಷನ್ ಸೇವೆ ಮಾಡಿದ ಆನ್ ಜಡ್ಸನ್ ಎಂಬಾಕೆಯ ಹೆಸರನ್ನು ಮಗಳ ಹೆಸರಿನೊಡನೆ ಸೇರಿಸಿದ್ದರು. ಅವಳು ಚಿಕ್ಕವಳಾಗಿದ್ದಾಗಲೇ ತಂದೆ ಕ್ಷಯರೋಗದಿಂದ ತೀರಿಕೊಂಡನು. 1854ರಲ್ಲಿ ತಾಯಿಯೂ ಅದೇ ರೋಗಕ್ಕೆ ಗುರಿಯಾದಳು. ತಾಯಿಯ ಆರೈಕೆ ಈ ಹುಡುಗಿಯ ಪಾಲಿಗೆ ಬಂದಿತ್ತು. ಮುಂದೆ ಕೆಲವು ವರ್ಷ ಆಕೆಯೂ ನಮ್ಮಂತೆ ಉಪಾಧ್ಯಾಯಿನಿಯಾಗಿದ್ದಳು. ಆ ಕೆಲಸವು ಆಕೆಯ ಮನಸ್ಸನ್ನು ಹಿಡಿಯಲಿಲ್ಲವೆಂಬುದನ್ನು ನಾವು ತುಸು ಸಂಕಟದಿಂದಲೇ ಬರೆಯಬೇಕಾಗಿದೆ. ಅಂತರ್ಯುದ್ಧದಲ್ಲಿ ಗಾಯಗೊಂಡು ಬಂದ ತನ್ನ ನಿಶ್ಚಿತ ವರನನ್ನು, 1869ರಲ್ಲಿ ಆತನು ಸಾಯುವವರೆಗೂ ಉಪಚರಿಸಿ, ಬಳಿಕ ಬಾಸ್ಟನ್ ನಗರವನ್ನು ಸೇರಿದಳು.

ಆ ನಗರದಲ್ಲಿ ಸ್ತ್ರೀಯರಿಗೂ ಮಕ್ಕಳಿಗೂ ಮೀಸಲಾದ ನ್ಯೂ ಇಂಗ್ಲೆಂಡ್ ಆಸ್ಪತ್ರೆಯಲ್ಲಿ 1872ರಲ್ಲಿ ದಾದಿಯರ ಶಿಕ್ಷಣವನ್ನು ಕ್ರಮವಾಗಿ ಆರಂಭಿಸಿದಾಗ ಮೊಟ್ಟಮೊದಲು ಹೆಸರು ಬರೆಯಿಸಿದವಳು ಲಿಂಡಾ. ಬೆಳಗಿನ ಐದೂವರೆ ಗಂಟೆಗೆ ಎದ್ದರೆ ರಾತ್ರಿ ಒಂಭತ್ತರವರೆಗೆ ದುಡಿತ. ಮಲಗುವುದು ರೋಗಿಗಳ ಕೊಠಡಿಗಳ ಪಕ್ಕದಲ್ಲಿಯೇ. ನಡುರಾತ್ರಿಯಲ್ಲಿ ಕರೆದರೂ ಏಳಬೇಕು. ಓದಲು ಪುಸ್ತಕವಿಲ್ಲ, ಕೊನೆಗೆ ಪರೀಕ್ಷೆಯಿಲ್ಲ. ವೈದ್ಯೆಯರು ಒಟ್ಟು ಹನ್ನೆರಡು ಉಪನ್ಯಾಸಗಳನ್ನು ಕೊಟ್ಟರು. ನಾಡಿ, ಉಸಿರು, ಮೈಶಾಖಗಳನ್ನು ನೋಡಲು ಕಲಿಸಿದರು. ಔಷಧಿಯ ಸೀಸೆಗಳ ಮೇಲಾದರೋ ಹೆಸರಿಲ್ಲ, ಅಂಕೆ ಮಾತ್ರ! ತಾನು ರೋಗಿಯ ಬಾಯಿಗೆ ಹಾಕುತ್ತಿರುವುದು ಏನೆಂಬುದು ದಾದಿಗೆ ತಿಳಿಯಕೂಡದು. ಹೆಚ್ಚು ತಿಳಿದವಳು ವೈದ್ಯರ ಮಾತನ್ನು ಮೀರುವಳೆಂಬ ಅಂಜಿಕೆ ಆ ಕಾಲದಲ್ಲಿ ಬಹಳವಾಗಿತ್ತು.

ನಮಗೆ ಇಲ್ಲಿ ಒಂದು ವಿಷಯ ಬಹಳ ವಿಚಿತ್ರವಾಗಿ ಕಾಣುತ್ತದೆ. ಆ ಆಸ್ಪತ್ರೆಯನ್ನು ನಡೆಯಿಸುತ್ತಿದ್ದವರು ಸ್ತ್ರೀವೈದ್ಯರು. ಶಿಕ್ಷಣದ ಮೇಲ್ವಿಚಾರಕಳಾಗಿದ್ದ ಡಾಕ್ಟರ್ ಸುಸಾನ್ ಡಿಮಾಕ್, ಹೆಂಗಸೆಂಬ ಕಾರಣದಿಂದ ಹಾರ್ವರ್ಡ್ ವೈದ್ಯಶಾಲೆಯಲ್ಲಿ ಸ್ಥಳ ದೊರೆಯದೆ, ಸ್ವಿಟ್ಜರ್ಲೆಂಡಿನ ಜೂರಿಕ್ ನಗರದವರೆಗೆ ಹೋಗಿ ಕಲಿತು ಬಂದವಳು. ವಿದ್ಯೆಯ ಬಾಗಿಲು ಮುಚ್ಚಿದರೆ ಎಷ್ಟು ನೋವೆಂಬುದನ್ನು ಅರಿತವರ ಮನೆಯಲ್ಲಿಯೇ ದಾದಿಗೆ ಸೀಸೆಯ ಹೆಸರು ಗುಟ್ಟಾಗಿತ್ತು.

1873ರಲ್ಲಿ ಪ್ರಮಾಣಪತ್ರ ಪಡೆದ ಲಿಂಡಾ, ಅಮೆರಿಕಾದಲ್ಲಿ ತರಬೇತಿ ಹೊಂದಿದ ಮೊದಲನೆಯ ದಾದಿಯೆಂದು ಹೆಸರಾದಳು. ಕೂಡಲೇ ನ್ಯೂಯಾರ್ಕಿನ ಬೆಲ್ಲೆವ್ಯೂ ಆಸ್ಪತ್ರೆಯಲ್ಲಿ ರಾತ್ರಿಯ ಮೇಲ್ವಿಚಾರಣೆ ದೊರೆಯಿತು. ರಾತ್ರಿ ನಡೆದುದನ್ನು ಬೆಳಿಗ್ಗೆ ಬಾಯಿಮಾತಿನಲ್ಲಿ ಒಪ್ಪಿಸುವುದು ಅಲ್ಲಿಯ ವಾಡಿಕೆ. ಆಕೆ ಪ್ರತಿಯೊಬ್ಬ ರೋಗಿಯ ಸ್ಥಿತಿಯನ್ನು ಬರೆದಿಡುವ ಪದ್ಧತಿಯನ್ನು ಹಾಕಿದಳು. ಇದು ಸಣ್ಣ ಸುಧಾರಣೆಯಲ್ಲ. ಟೈಫಾಯಿಡ್ ಜ್ವರವನ್ನೇ ನೋಡಿರಿ. ಕರುಳಿನ ಹುಣ್ಣಿನಿಂದ ರಕ್ತ ಸೋರತೊಡಗಿದರೆ ಮೈಶಾಖವು ತಟ್ಟನೆ ಇಳಿಯುತ್ತದೆ, ನಾಡಿಯು ಓಡುತ್ತದೆ. ಶರೀರದ ಒಳಗನ್ನು ಅರಿಯದವಳು ಜ್ವರ ಬಿಟ್ಟಿತೆಂದು ಸಂತೋಷಪಟ್ಟು ಕುಳಿತಿರುವಳು. ಅರಿತವಳು, ಎರಡು ಅಂಕೆಗಳನ್ನು ಅಕ್ಕಪಕ್ಕದಲ್ಲಿ ಕಂಡೊಡನೆ ವೈದ್ಯರನ್ನು ಕರೆಯಿಸುವಳು. ಬರಹವು ಕಣ್ಣಿಗೆ ಕಾಣುವುದು. ಅದರ ಅರ್ಥ ತಿಳಿಯಬೇಕಾದರೆ ಹೃದಯ, ರಕ್ತನಾಳ, ಕರುಳುಗಳ ಪಾಠ ಬೇಕು.

1874ರಲ್ಲಿ ಆಕೆ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಗೆ ಸೇರಿದ ದಾದಿಯರ ಶಾಲೆಯ ಮುಖ್ಯಸ್ಥೆಯಾಗಿ, ಪಾಠಗಳನ್ನು ಕ್ರಮಕ್ಕೆ ತಂದು, ತರಬೇತಿ ಹೊಂದಿದ ದಾದಿಯರ ಬೆಲೆಯನ್ನು ಅಲ್ಲಿಯ ವೈದ್ಯರಿಗೆ ಮನಗಾಣಿಸಿದಳು. 1877ರಲ್ಲಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗಿ, ಫ್ಲಾರೆನ್ಸ್ ನೈಟಿಂಗೇಲರನ್ನು ಕಂಡು, ಲಂಡನ್ ಮತ್ತು ಎಡಿನ್‌ಬರೋ ನಗರಗಳ ಆಸ್ಪತ್ರೆಗಳಲ್ಲಿ ನಡೆಯುತ್ತಿದ್ದ ಶಿಕ್ಷಣವನ್ನು ಅಭ್ಯಾಸಮಾಡಿ ಬಂದಳು. ಹೊಸ ಶಾಲೆಯನ್ನು ನಿಲ್ಲಿಸುವುದು, ಅದು ಕಾಲೂರಿದ ಮೇಲೆ ಇನ್ನೊಂದಕ್ಕೆ ಹೋಗುವುದು, ಹೀಗೆ ಆಕೆಯ ಜೀವಮಾನ ಸಾಗಿತು.

ತಂದೆತಾಯಿಗಳು ಇಟ್ಟ ಹೆಸರು ವ್ಯರ್ಥವಾಗಲಿಲ್ಲ. 1886ರಲ್ಲಿ ಅಮೆರಿಕನ್ ಬೋರ್ಡ್ ಎಂಬ ಮಿಷನ್ ಸಂಸ್ಥೆಯ ಪರವಾಗಿ ಜಪಾನಿನ ಕ್ಯೋಟೋ ಪಟ್ಟಣದಲ್ಲಿ, ದೋಶಿಶಾ ವಿದ್ಯಾಸಂಸ್ಥೆಯ ಆಶ್ರಯದಲ್ಲಿ, ದಾದಿಯರ ಶಾಲೆಯನ್ನು ಪ್ರಾರಂಭಿಸಿದಳು. ನಲವತ್ತೈದರ ಸುಮಾರಿನಲ್ಲಿ ಹೊಸ ಭಾಷೆಯೊಂದನ್ನು ಅಕ್ಷರದಿಂದ ಕಲಿಯಹೊರಡುವುದು ಎಂಥದೆಂಬುದನ್ನು ಆ ವಯಸ್ಸಿನವರಾದ ನಾವು ಊಹಿಸಬಲ್ಲೆವು. 1890ರಲ್ಲಿ ಸ್ವದೇಶಕ್ಕೆ ಮರಳಿದಳು.

ಅಷ್ಟರಲ್ಲಿ ಕಾಲ ಬದಲಾಗಿತ್ತು. 1885ರಲ್ಲಿ ಕ್ಲಾರಾ ವೀಕ್ಸ್ ಎಂಬ ದಾದಿಯು ಶುಶ್ರೂಷೆಯ ಪಠ್ಯಪುಸ್ತಕವನ್ನು ಬರೆದಿದ್ದಳು. ಅದಾದ ಒಂದು ದಶಕದೊಳಗೆ ಡಯಾನಾ ಕಿಂಬರ್ ಎಂಬಾಕೆ, ತಾನೂ ದಾದಿಯಾಗಿದ್ದು, ದಾದಿಯರಿಗೆಂದೇ ಅಂಗರಚನೆ ಮತ್ತು ಶರೀರಕ್ರಿಯೆಗಳ ಗ್ರಂಥವನ್ನು ರಚಿಸಿದಳು. ಹನ್ನೆರಡು ಉಪನ್ಯಾಸಗಳಲ್ಲಿ ಮುಗಿದಿದ್ದ ವಿದ್ಯೆ ಈಗ ವರ್ಷಗಟ್ಟಲೆಯ ಓದಾಯಿತು. ದಾದಿಯರ ಶಾಲೆಗಳ ಮುಖ್ಯಸ್ಥೆಯರು ಕೂಡಿ ಸಂಘವನ್ನು ಕಟ್ಟಿದಾಗ ಮೊದಲನೆಯ ಅಧ್ಯಕ್ಷತೆಯನ್ನು ಲಿಂಡಾಗೆ ಒಪ್ಪಿಸಿದರು.

ಕೊನೆಯ ವರ್ಷಗಳನ್ನು ಆಕೆ ಬುದ್ಧಿಭ್ರಮಣೆಯಾದವರ ಆಸ್ಪತ್ರೆಗಳಲ್ಲಿ ಕಳೆದಳು. ಬೇರೆಯವರು ಹಿಂಜರಿಯುತ್ತಿದ್ದ ಆ ಕೆಲಸಕ್ಕೂ ತರಬೇತಿ ಬೇಕೆಂಬುದು ಆಕೆಯ ಹಟ. 1911ರಲ್ಲಿ ನಿವೃತ್ತಳಾಗಿ, ತನ್ನ ನೆನಪುಗಳನ್ನು ಪುಸ್ತಕವಾಗಿ ಅಚ್ಚುಹಾಕಿಸಿದಳು. ಆಕೆಗೆ ಎಂಬತ್ತು ತುಂಬಿದ 1921ರಲ್ಲಿ ಇನ್‌ಸುಲಿನ್ ಕಂಡುಹಿಡಿಯಲ್ಪಟ್ಟಿತು. ಅದನ್ನು ಚುಚ್ಚಿಸಿಕೊಂಡ ರೋಗಿ ಬೆವತು ನಡುಗಿದರೆ ರಕ್ತದ ಸಕ್ಕರೆ ಕುಗ್ಗಿರಬಹುದೆಂದು ದಾದಿಯೇ ಗುರುತಿಸಬೇಕಾದ ಕಾಲ ಬಂತು. 1930ನೆಯ ಇಸವಿ ಏಪ್ರಿಲ್ 16ರಂದು, 88ನೆಯ ವಯಸ್ಸಿನಲ್ಲಿ, ಲಿಂಡಾ ರಿಚರ್ಡ್ಸ್ ಬಾಸ್ಟನ್ನಿನಲ್ಲಿ ಕಾಲವಾದಳು.